ಗಾಳಿ ಹೊರಹೋಗುವ ಕಡೆ

ನನ್ನ ಓದುವ ಮೇಜಿನ ಮೇಲೆ, ಪೆನ್ನುಗಳನ್ನು ನಿಲ್ಲಿಸಿರುವ ಸ್ಟೀಲ್ ಲೋಟದಲ್ಲಿ, ಒಂದಂಗುಲ ಅಗಲದ ಬ್ರಷ್ ಒಂದಿದೆ. ಕಿಟಕಿ ಬಾಗಿಲುಗಳಿಗೆ ಬಣ್ಣ ಬಳಿಯುವವರು ಬಳಸುವಂಥದು. ನಮ್ಮ ಕಾಲೇಜಿನ ಹಿರಿಯ ಪ್ರಾಧ್ಯಾಪಕರೊಬ್ಬರು ಒಮ್ಮೆ ಮನೆಗೆ ಬಂದಿದ್ದಾಗ ಅದನ್ನು ನೋಡಿ, “ಓ, ನೀವು ಚಿತ್ರ ಬರೀತೀರಾ?” ಎಂದು ಬಹಳ ಸಂತೋಷದಿಂದ ಕೇಳಿದರು. ಅವರ ಮನೆಯಲ್ಲಿ ಮೂರು ತಲೆಮಾರಿನಿಂದ ಪುಸ್ತಕದ ಕಪಾಟುಗಳಿವೆ. ನಮ್ಮ ಮನೆಗೆ ಮೊದಲ ಕಪಾಟು ತಂದವಳು ನಾನು. ಅಂಥವರ ಎದುರು “ಇಲ್ಲ ಸರ್, ಅದು ಕಂಪ್ಯೂಟರಿನ ಧೂಳು ಗುಡಿಸುವ ಬ್ರಷ್” ಎನ್ನಲು ನಾಲಿಗೆ ಹೊರಳಲಿಲ್ಲ. “ಸ್ವಲ್ಪ ಸ್ವಲ್ಪ ಸರ್” ಎಂದುಬಿಟ್ಟೆ. ಅದರ ಫಲವಾಗಿ ಈ ವರ್ಷದ ಕಾಲೇಜು ದಿನಾಚರಣೆಯ ಚಿತ್ರಕಲಾ ಸ್ಪರ್ಧೆಗೆ ನಾನೇ ತೀರ್ಪುಗಾರಳಾದೆ. ಸಾಲಾಗಿ ಅಂಟಿಸಿದ್ದ ಚಿತ್ರಗಳ ಮುಂದೆ ಕೈಕಟ್ಟಿಕೊಂಡು, ಆಗಾಗ ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ಕೊನೆಗೆ ಯಾವುದಕ್ಕೆ ಹೆಚ್ಚು ಬಣ್ಣ ಖರ್ಚಾಗಿದೆಯೋ ಅದಕ್ಕೆ ಬಹುಮಾನ ಕೊಟ್ಟೆ. ಆ ಮಕ್ಕಳು ಈ ಬರಹವನ್ನು ಓದದಿರಲಿ.

ನಿಮ್ಮ ಮುಂದೆ ಮುಚ್ಚಿಡುವುದೇನೂ ಇಲ್ಲ. ಅದು ಧೂಳಿನ ಬ್ರಷ್ಷೇ. ಎರಡು ತಿಂಗಳಿಗೊಮ್ಮೆ ನಾನು ಕಂಪ್ಯೂಟರಿನ ಪೆಟ್ಟಿಗೆಯನ್ನು ಬಿಚ್ಚಿ ಅದರ ಫ್ಯಾನುಗಳನ್ನು ಗುಡಿಸುತ್ತೇನೆ. ಕಂಪ್ಯೂಟರ್ ಎಂದು ಬರೆಯಬೇಕೋ, ಗಣಕಯಂತ್ರ ಎಂದು ಬರೆಯಬೇಕೋ ಎಂದು ಈ ಪ್ರಬಂಧವನ್ನು ಆರಂಭಿಸುವ ಮುನ್ನ ಬಹಳ ಯೋಚಿಸಿದೆ. ಗಣಕಯಂತ್ರ ಎಂದರೆ ನಮ್ಮ ಅಮ್ಮ ತಿರುಗಿ ನೋಡುವುದಿಲ್ಲ, ಆದ್ದರಿಂದ ಕಂಪ್ಯೂಟರ್ ಎಂದೇ ಇಟ್ಟುಕೊಂಡಿದ್ದೇನೆ.

ನಾನು ಇತಿಹಾಸ ಪಾಠ ಮಾಡುವವಳು, ಯಂತ್ರಗಳ ವಿಷಯದಲ್ಲಿ ನನ್ನ ತಿಳಿವಳಿಕೆ ಅಲ್ಪ. ತಪ್ಪಿದ್ದರೆ ಬಲ್ಲವರು ತಿದ್ದಬೇಕು. ಆ ಪೆಟ್ಟಿಗೆಯೊಳಗೆ ಅದರ ಮಿದುಳು ಎನ್ನಬಹುದಾದ ಒಂದು ಪುಟ್ಟ ಚೌಕವಿರುತ್ತದೆ. ಕೆಲಸ ಮಾಡಿದಷ್ಟೂ ಅದು ಬಿಸಿಯೇರುತ್ತದೆ. ಅದರ ನೆತ್ತಿಯ ಮೇಲೆ ಲೋಹದ ತೆಳು ಹಾಳೆಗಳನ್ನು ಒತ್ತೊತ್ತಾಗಿ ನಿಲ್ಲಿಸಿ, ಮೇಲೊಂದು ಅಂಗೈಯಗಲದ ಫ್ಯಾನ್ ಕೂರಿಸಿರುತ್ತಾರೆ. ಮುಂದುಗಡೆಯಿಂದ ಒಳಗೆ ಬಂದ ಗಾಳಿ ಈ ಬಿಸಿಯನ್ನು ಎತ್ತಿಕೊಂಡು, ಹಿಂಬದಿಯ ಇನ್ನೊಂದು ಫ್ಯಾನಿನ ಮೂಲಕ ಹೊರಗೆ ಹೋಗುತ್ತದೆ. ಗಾಳಿಯ ಜೊತೆ ಧೂಳೂ ಬರುತ್ತದೆ. ಗಾಳಿ ಹೊರಟುಹೋಗುತ್ತದೆ, ಧೂಳು ಉಳಿದುಕೊಳ್ಳುತ್ತದೆ, ಮದುವೆಗೆಂದು ಬಂದ ಕೆಲವು ನೆಂಟರ ಹಾಗೆ. ಒಂದೆರಡು ವರ್ಷ ಕಳೆದರೆ ಆ ಹಾಳೆಗಳ ಸಂದಿಯಲ್ಲಿ ಹಳೆಯ ಹಾಸಿಗೆಯ ಹತ್ತಿಯಂತೆ ಮೆತ್ತಿಕೊಂಡಿರುತ್ತದೆ. ಫ್ಯಾನ್ ಮೊದಲಿಗಿಂತ ಜೋರಾಗಿ ತಿರುಗುತ್ತದೆ, ಗಾಳಿ ಮಾತ್ರ ಆಡುವುದಿಲ್ಲ. ಬಿಸಿ ಮಿತಿ ಮೀರಿದಾಗ ಯಂತ್ರ ಇದ್ದಕ್ಕಿದ್ದಂತೆ ಆರಿಹೋಗುತ್ತದೆ. ಕೆಟ್ಟುಹೋಯಿತು ಎಂದು ನಾವು ಗಾಬರಿಯಾಗುತ್ತೇವೆ. ಒಳಗೆ ಸುಟ್ಟುಹೋಗಬಾರದೆಂದು ಅದು ತಾನಾಗಿ ಸುಮ್ಮನಾಗಿರುತ್ತದೆ, ಅಷ್ಟೆ.

ಇದೆಲ್ಲ ನನಗೆ ಪುಸ್ತಕದಿಂದ ತಿಳಿಯುವುದಕ್ಕೆ ಎಷ್ಟೋ ಮೊದಲೇ ಮನೆಯಲ್ಲಿ ಕಿವಿಗೆ ಬಿದ್ದಿತ್ತು. “ಮೋಟ್ರು ಕೆಲ್ಸ ಮಾಡಿ ಸಾಯಲ್ಲ ಕಣೇ, ಉಸ್ರು ಕಟ್ಟಿ ಸಾಯುತ್ತೆ” ಎಂದು ಅಪ್ಪ ಹೇಳುತ್ತಿದ್ದರು.

ಅಪ್ಪ ಭದ್ರಾವತಿಯ ಕಾಗದದ ಕಾರ್ಖಾನೆಯಲ್ಲಿ ಹೆಲ್ಪರ್ ಆಗಿದ್ದರು. ಕಾಗದವಾಗುವ ನಾರು ಬಹಳ ಹಗುರ, ಎಲ್ಲೆಂದರಲ್ಲಿ ಹಾರಿ ಕೂರುತ್ತದೆ. ಮೋಟಾರುಗಳ ಮೇಲೆ, ಅವುಗಳ ಫ್ಯಾನಿನ ಜಾಲರಿಯ ಮೇಲೆ ಹಾಗೆ ಕೂತ ನಾರನ್ನು ಗಾಳಿಯ ಪೈಪು ಹಿಡಿದು ಊದಿ ತೆಗೆಯುವುದು ಅವರ ಕೆಲಸ. ಆಗ ನಾವಿದ್ದದ್ದು ಕಾಗದನಗರದ ಕ್ವಾರ್ಟರ್ಸಿನಲ್ಲಿ. ಪಾಳಿ ಮುಗಿಸಿ ಸೈಕಲ್ಲಿನಲ್ಲಿ ಬರುವ ಅಪ್ಪನ ಹುಬ್ಬು, ಮೀಸೆ, ಕಿವಿಯ ಕೂದಲು ಎಲ್ಲವೂ ಬೆಳ್ಳಗಾಗಿರುತ್ತಿದ್ದವು. ಬೆಳಿಗ್ಗೆ ಯುವಕರಾಗಿ ಹೋಗಿ ಸಂಜೆ ಮುದುಕರಾಗಿ ಬರುವುದು, ಸ್ನಾನ ಮಾಡಿ ಮತ್ತೆ ಯುವಕರಾಗುವುದು ಎಲ್ಲ ಅಪ್ಪಂದಿರ ದಿನಚರಿ ಎಂದೇ ಬಹಳ ದಿನ ನಂಬಿದ್ದೆ. ಅಮ್ಮ ಬಾಗಿಲಲ್ಲೇ ತಡೆಯುತ್ತಿದ್ದಳು.

“ಅಲ್ಲೇ ನಿಂತ್ಕೊಳ್ಳಿ, ಒಳಗೆ ಬರ್ಬೇಡಿ! ಅರ್ಧ ಫ್ಯಾಕ್ಟ್ರಿ ಹೊತ್ಕೊಂಡ್ ಬಂದಿದೀರಿ.”

“ಇನ್ನರ್ಧ ನಾಳೆ ತರ್ತೀನಿ ಮಾರಾಯ್ತಿ, ಟವಲ್ ಕೊಡು.”

ಅಮ್ಮ ಟವಲಿನಿಂದ ಅವರ ಬೆನ್ನಿಗೆ ಪಟಪಟ ಹೊಡೆಯುತ್ತಿದ್ದಳು. ಇಡೀ ಸಾಲಿನಲ್ಲಿ ಆ ಹೊತ್ತಿಗೆ ಹೆಂಡತಿಯರು ಗಂಡಂದಿರನ್ನು ಹೀಗೆ ಹೊಡೆಯುವ ಸದ್ದು ಕೇಳುತ್ತಿತ್ತು. ಪಕ್ಕದ ಮನೆಯ ತಮಿಳಿನ ಅಕ್ಕನಂತೂ ದಿನದ ಸಿಟ್ಟನ್ನೆಲ್ಲ ಸೇರಿಸಿ ಹೊಡೆಯುತ್ತಾಳೆ ಎಂದು ಅಮ್ಮ ನಗುತ್ತಿದ್ದಳು.

ಶಾಲೆಗೆ ಸೇರಿಸುವಾಗ ತುಂಬಿದ ಅರ್ಜಿಯಲ್ಲಿ ಅಪ್ಪ ತಮ್ಮ ಉದ್ಯೋಗವನ್ನು ‘ಹೆಲ್ಪರ್’ ಎಂದೇ ಬರೆಸಿದ್ದರು. ಹೈಸ್ಕೂಲಿನಲ್ಲಿ ಅರ್ಜಿಯನ್ನು ನಾನೇ ತುಂಬುವ ಕಾಲ ಬಂದಾಗ ಆ ಪದ ನನಗೆ ಸರಿಕಾಣಲಿಲ್ಲ. ಬಹಳ ಯೋಚಿಸಿ, ‘ವಿದ್ಯುತ್ ಯಂತ್ರಗಳ ನಿರ್ವಹಣೆ’ ಎಂದು ದುಂಡಗೆ ಬರೆದೆ. ಮೇಷ್ಟ್ರು ಓದಿ, “ನಿಮ್ಮಪ್ಪ ಇಂಜಿನಿಯರಾ?” ಎಂದರು. ನಾನು ತಲೆ ತಗ್ಗಿಸಿದೆ. ಅವರು ಅದನ್ನು ವಿನಯವೆಂದು ತಿಳಿದರು. ಮುಂದಿನ ವಾರವೇ ತರಗತಿಯ ಫ್ಯಾನ್ ಕೆಟ್ಟಿತು, ಅಪ್ಪನಿಗೆ ಕರೆ ಹೋಯಿತು. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು, ಬೆಂಚಿನ ಮೇಲೆ ಬೆಂಚು ಇಡಿಸಿ ಹತ್ತಿ, ಫ್ಯಾನಿನ ಒಳಗಿನಿಂದ ಒಂದು ಗುಬ್ಬಿಗೂಡಿನಷ್ಟು ಕಸವನ್ನು ತೆಗೆದರು. ಕೆಳಗೆ ನಿಂತ ಮೇಷ್ಟ್ರು, “ಸಾಕು ಇಂಜಿನಿಯರ್ ಸಾಹೇಬ್ರೇ, ನೀವ್ಯಾಕೆ ಕೈ ಹೊಲಸು ಮಾಡ್ಕೋತೀರಿ, ಹುಡುಗ್ರಿಗೆ ಹೇಳಿ” ಎಂದರು. ಅಪ್ಪ ಮೇಲಿನಿಂದ ನನ್ನ ಕಡೆ ಒಂದು ಸಲ ನೋಡಿದರು. ಹಿಂತಿರುಗುವಾಗ ಸೈಕಲ್ಲಿನ ಹಿಂದೆ ಕೂತಿದ್ದ ನನ್ನನ್ನು ಕೇಳಿದರು.

“ಇಂಜಿನಿಯರ್ ಅಂತ ಬರ್ದಿದ್ಯಾ?”

“ಇಲ್ಲಪ್ಪ. ನಿರ್ವಹಣೆ ಅಂತ ಬರ್ದೆ.”

“ನಿರ್ವಹಣೆ ಅಂದ್ರೇನು?”

“ಧೂಳು ಹೊಡಿಯೋದು.”

ಸೈಕಲ್ ಓಲಾಡುವಷ್ಟು ನಕ್ಕರು. ನಾನು ಅಳುತ್ತಿದ್ದೆ, ಅವರು ನಗುತ್ತಿದ್ದರು, ಮನೆ ಬಂತು.

ಕಂಪ್ಯೂಟರ್ ಬಂದದ್ದು ನಾನು ಪದವಿಗೆ ಸೇರಿದ ವರ್ಷ. ಯಾವುದೋ ಕಚೇರಿಯವರು ಹಳೆಯದನ್ನು ತೆಗೆದು ಹೊಸದು ಹಾಕಿದಾಗ ಅಪ್ಪ ಕೇಳಿ ತಂದದ್ದು. ಪೆಟ್ಟಿಗೆಯನ್ನು ಕ್ಯಾರಿಯರಿಗೆ ಹಗ್ಗದಲ್ಲಿ ಕಟ್ಟಿ, ಗುಂಡಿ ಬಂದಾಗಲೆಲ್ಲ ಇಳಿದು ತಳ್ಳಿಕೊಂಡು ಬಂದಿದ್ದರು. ಅಮ್ಮ ಉಳಿದ ರವಿಕೆ ಬಟ್ಟೆಗಳನ್ನು ಜೋಡಿಸಿ, ಅಂಚಿಗೆ ನೆರಿಗೆ ಕೊಟ್ಟು, ಅದಕ್ಕೊಂದು ಕವರ್ ಹೊಲಿದಳು. ನನ್ನ ಹಬ್ಬದ ಲಂಗಕ್ಕೆ ಅಷ್ಟು ನೆರಿಗೆ ಇರಲಿಲ್ಲ.

ಆಯುಧಪೂಜೆಯ ದಿನ ಅಪ್ಪ ಅದಕ್ಕೂ ಪೂಜೆ ಮಾಡಿದರು. ಕಾರ್ಖಾನೆಯಲ್ಲಿ ಕಲಿತ ಕ್ರಮ ಅದು. ಮೊದಲು ಒರೆಸಬೇಕು, ಆಮೇಲೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ, ಮೇಲೊಂದು ಚೆಂಡುಹೂ, ಕೊನೆಗೆ ಚಕ್ರದ ಕೆಳಗೆ ನಿಂಬೆಹಣ್ಣು. ಕಂಪ್ಯೂಟರಿಗೆ ಚಕ್ರವಿಲ್ಲವಲ್ಲ? ಅಪ್ಪ ಸುತ್ತಲೂ ನೋಡಿ, ಅದರಲ್ಲಿ ಓಡಾಡುವ ವಸ್ತು ಮೌಸ್ ಒಂದೇ ಎಂದು ತೀರ್ಮಾನಿಸಿ, ಅದರ ಕೆಳಗೆ ನಿಂಬೆಹಣ್ಣಿಟ್ಟು, “ಒತ್ತು ಮಗಾ” ಎಂದರು. ನಾನು ಒತ್ತಿದೆ. ಅಂದಿನಿಂದ ಆ ಮೌಸ್ ಎಡಕ್ಕೆ ಸರಿಯುತ್ತಿರಲಿಲ್ಲ. ಇನ್ನೊಂದು ಕ್ರಮವಿತ್ತು. ಅಗರಬತ್ತಿಯನ್ನು ಪೆಟ್ಟಿಗೆಯ ಮುಂದೆ ಒಂದಿಷ್ಟು ಹೊತ್ತು, ಹಿಂದೆ ಒಂದಿಷ್ಟು ಹೊತ್ತು ಹಿಡಿದು, ಹೊಗೆಯನ್ನೇ ನೋಡುತ್ತಾ ನಿಲ್ಲುತ್ತಿದ್ದರು. ಆಮೇಲೆ ಹಿಂಬದಿಯ ಫ್ಯಾನಿನ ಜಾಲರಿಯ ಅಂಚಿಗೆ ವಿಭೂತಿ, ಕುಂಕುಮ ಹಚ್ಚುತ್ತಿದ್ದರು. ಹೊಗೆ ನೋಡುವುದೂ ಭಕ್ತಿಯ ಭಾಗವೆಂದು ನಾನು ತಿಳಿದಿದ್ದೆ.

ಕಾರ್ಖಾನೆ ನಿಂತ ಮೇಲೆ, ನನಗೆ ಶಿವಮೊಗ್ಗದಲ್ಲಿ ಅತಿಥಿ ಉಪನ್ಯಾಸಕಿಯ ಕೆಲಸ ಸಿಕ್ಕಿದ ಮೇಲೆ, ಮೂವರೂ ವಿದ್ಯಾನಗರದ ಬಾಡಿಗೆ ಮನೆಗೆ ಬಂದೆವು. ಕಂಪ್ಯೂಟರ್ ಬದಲಾಯಿತು, ಕವರೂ ಬದಲಾಯಿತು, ಅಪ್ಪನ ಪೂಜೆ ಬದಲಾಗಲಿಲ್ಲ. ಓದಿದವಳ ಸಾಮಾನೆಂದು ಪೆಟ್ಟಿಗೆಯನ್ನು ಮಾತ್ರ ಅವರು ಎಂದೂ ಬಿಚ್ಚುತ್ತಿರಲಿಲ್ಲ, ಹೊರಗಷ್ಟೇ ಒರೆಸುತ್ತಿದ್ದರು. ಬಡಾವಣೆಯ ಅಕ್ಕಪಕ್ಕದವರು ಕೆಟ್ಟ ಮಿಕ್ಸಿ, ಮೂಲೆ ಸೇರಿದ ಟೇಬಲ್ ಫ್ಯಾನ್ ಹಿಡಿದುಕೊಂಡು ಅಪ್ಪನನ್ನು ಹುಡುಕಿಕೊಂಡು ಬರುತ್ತಿದ್ದರು. ಅಪ್ಪ ಜಗಲಿಯ ಮೇಲೆ ಕೂತು ಬಿಚ್ಚಿ, ಒರೆಸಿ, ಎಣ್ಣೆ ಬಿಟ್ಟು ಕೊಡುತ್ತಿದ್ದರು. ನಾನು ಒಳಗಿನ ಸಣ್ಣ ಕೋಣೆಯಲ್ಲಿ ಗೋಡೆಗೊಂದು ಕರಿಹಲಗೆ ತೂಗುಹಾಕಿ, ಪಕ್ಕದಲ್ಲೇ ಕಂಪ್ಯೂಟರ್ ಇಟ್ಟುಕೊಂಡು, ವಿದ್ಯಾರ್ಥಿಗಳಿಗಾಗಿ ಪಾಠಗಳ ವಿಡಿಯೊ ಮಾಡುತ್ತಿದ್ದೆ. ಬರೆಯುವುದು, ಒರೆಸುವುದು, ಉಚ್ಚಾರ ತಪ್ಪಿತೆಂದು ಮತ್ತೆ ಮೊದಲಿನಿಂದ ಬರೆಯುವುದು. ಹತ್ತು ನಿಮಿಷದ ಪಾಠಕ್ಕೆ ಹಲಗೆಯನ್ನು ಹದಿನೈದು ಸಲ ಒರೆಸಿರುತ್ತಿದ್ದೆ.

ಕಳೆದ ವರ್ಷ ಒಂದು ಕಾಲೇಜಿನಿಂದ ಕಾಯಂ ಹುದ್ದೆಯ ಸಂದರ್ಶನಕ್ಕೆ ಕರೆ ಬಂತು. ಸಂದರ್ಶನ ಆನ್‌ಲೈನಿನಲ್ಲಿ. ನಾನು ಹದಿನೈದು ದಿನ ಕನ್ನಡಿಯ ಮುಂದೆ ವಾಕ್ಯಗಳನ್ನು ಅಭ್ಯಾಸ ಮಾಡಿದೆ. ‘ನಮಸ್ಕಾರ’ವನ್ನು ಯಾವ ಎತ್ತರದಲ್ಲಿ ಹೇಳಬೇಕೆಂಬುದಕ್ಕೇ ಎರಡು ದಿನ ಹಿಡಿಯಿತು. ಆ ದಿನ ಬೆಳಿಗ್ಗೆ ಎದ್ದು ನೋಡಿದರೆ ಅಪ್ಪ ಸ್ನಾನ ಮುಗಿಸಿ, ಕಂಪ್ಯೂಟರಿನ ಹಿಂದೆ ಅಗರಬತ್ತಿ ಹಿಡಿದು ನಿಂತಿದ್ದರು. ಹಬ್ಬವಲ್ಲದ ದಿನ ಪೂಜೆ. ಜಾಲರಿಗೆ ಆಗಲೇ ವಿಭೂತಿ, ಕುಂಕುಮ ಬಿದ್ದಿತ್ತು. ಬೇಡವೆನ್ನಲು ಮನಸ್ಸಾಗಲಿಲ್ಲ. ಹೇಳಿದರೆ ಅಪಶಕುನವಾದೀತೆಂಬ ಅಳುಕೂ ಇತ್ತು. ಓದಿದವಳೆಂದ ಮಾತ್ರಕ್ಕೆ ಅಳುಕು ಹೋಗುತ್ತದೆಯೇ?

ಸಂದರ್ಶನ ಆರಂಭವಾಗಿ ಹತ್ತು ನಿಮಿಷವಾಗಿರಬೇಕು, ಫ್ಯಾನ್ ಸದ್ದು ಮಾಡತೊಡಗಿತು. ಶಾಲೆಯಲ್ಲಿದ್ದಾಗ ನಮ್ಮನ್ನು ತ್ಯಾವರೆಕೊಪ್ಪದ ಸಿಂಹಧಾಮಕ್ಕೆ ಕರೆದುಕೊಂಡು ಹೋಗಿದ್ದರು, ಅಂದು ಸಿಂಹ ಮಲಗಿತ್ತು. ಸಿಂಹದ ಗರ್ಜನೆ ಹೇಗಿರುತ್ತದೆಂದು ನನಗೆ ಅಂದಾಜಾದದ್ದು ಈ ಸಂದರ್ಶನದಲ್ಲಿ. ತೆರೆಯ ಮೇಲಿದ್ದ ಮೂವರಲ್ಲಿ ಒಬ್ಬ ಮೇಡಂ, “ನಿಮ್ಮ ಹಿಂದೆ ಯಾವುದೋ ಮಿಲ್ ಓಡ್ತಾ ಇರೋ ಹಾಗೆ ಕೇಳ್ತಿದೆಯಲ್ಲ?” ಎಂದರು. ನಾನು “ಕ್ಷಮಿಸಿ” ಎಂದೆ. ಮುಂದಿನ ಪ್ರಶ್ನೆಗೆ ಬಾಯಿ ತೆರೆದೆ. ತೆರೆ ಕಪ್ಪಾಯಿತು. ಆ ಕಪ್ಪಿನಲ್ಲಿ ಬಾಯಿ ತೆರೆದ ನನ್ನ ಮುಖವೇ ನನಗೆ ಕಾಣಿಸಿತು.

ಮತ್ತೆ ಹಚ್ಚಿದೆ, ಮತ್ತೆ ಆರಿತು. ಕೊನೆಗೆ ಫೋನಿನಲ್ಲಿ ಐದು ನಿಮಿಷ ಮಾತಾಡಿ ಅವರು ಸೌಜನ್ಯದಿಂದ ಮುಗಿಸಿದರು. ಹುದ್ದೆ ಬೇರೆಯವರಿಗೆ ಹೋಯಿತು. ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಕಂಪ್ಯೂಟರ್ ಆರುವಾಗ ಅವರು ಕೇಳಿದ್ದ ಪ್ರಶ್ನೆಗೆ ನನಗೆ ಉತ್ತರ ಗೊತ್ತಿರಲಿಲ್ಲ. ಆದರೆ ಅಂದು ಅಷ್ಟು ಪ್ರಾಮಾಣಿಕತೆ ನನ್ನಲ್ಲಿರಲಿಲ್ಲ. ಕೋಣೆಯಿಂದ ಹೊರಗೆ ಬಂದೆ. ಅಪ್ಪ, ಅಮ್ಮ ಇಬ್ಬರೂ ಉಸಿರು ಬಿಗಿಹಿಡಿದು ಕೂತಿದ್ದರು.

“ಅಪ್ಪ, ಇದು ನಿಮ್ಮ ಫ್ಯಾಕ್ಟ್ರಿ ಮೋಟ್ರಲ್ಲ. ಬೂದಿ, ಕುಂಕುಮ ಎಲ್ಲ ಒಳಗೆ ಹೋಗಿ ಹೀಗಾಗಿದೆ. ನಿಮಗೆ ಗೊತ್ತಿಲ್ಲದ್ದನ್ನ ದಯವಿಟ್ಟು ಮುಟ್ಟಬೇಡಿ.”

ಬೈದಿದ್ದರೆ ಬೇರೆ ಮಾತು. ಆ ‘ದಯವಿಟ್ಟು’ ಎಲ್ಲಕ್ಕಿಂತ ಹೆಚ್ಚು ಚುಚ್ಚಿರಬೇಕು. ನಮ್ಮ ಮನೆಯಲ್ಲಿ ಯಾರೂ ಯಾರಿಗೂ ದಯವಿಟ್ಟು ಎನ್ನುವುದಿಲ್ಲ. ಅಮ್ಮ ತಕ್ಷಣ, “ನಾನು ಕವರ್ ತೆಗ್ದೇ ಇಟ್ಟಿದ್ದೆ ಕಣೇ” ಎಂದು ತನ್ನ ಪಾಡಿಗೆ ಪಾರಾದಳು. ಅಪ್ಪ “ಆಯ್ತು ಮಗಾ” ಎಂದರು. ಕೋಣೆಯೊಳಗೆ ಹೋಗಿ, ಹೆಗಲ ಮೇಲಿನ ಟವಲಿನ ತುದಿಯಿಂದ ಜಾಲರಿಯ ಕುಂಕುಮವನ್ನು ಒರೆಸಿ ಬಂದರು.

ಅಷ್ಟಕ್ಕೇ ಮುಗಿಯಿತೆಂದುಕೊಂಡಿದ್ದೆ. ಮಾರನೆಯ ದಿನ ಮಧ್ಯಾಹ್ನ ಸೆಕೆಯಲ್ಲಿ ಕೂತಿದ್ದ ಅಪ್ಪ ನನ್ನನ್ನು ಕೇಳಿದರು, “ಫ್ಯಾನ್ ಹಾಕ್ಲಾ?”

ನನಗೆ ಅರ್ಥವಾಗಲಿಲ್ಲ. “ಹಾಕಿ ಅಪ್ಪ” ಎಂದೆ. ಸಂಜೆ, “ಲೈಟ್ ಹಾಕ್ಲಾ?” ಎಂದರು. ಟ್ಯಾಂಕಿಗೆ ನೀರು ಏರಿಸುವ ಮುನ್ನ, “ಮೋಟ್ರು ಆನ್ ಮಾಡ್ಲಾ?” ಎಂದರು. ಮುನಿಸಿನ ಧ್ವನಿಯಲ್ಲ. ನೆಂಟರ ಮನೆಯಲ್ಲಿ ಉಳಿದುಕೊಂಡವರು ಕೇಳುವ ಹಾಗೆ, ಬಹಳ ಮೆತ್ತಗೆ. ಒಂದು ಬೆಳಿಗ್ಗೆ ಪಕ್ಕದ ಮನೆಯಾಕೆ ಮಿಕ್ಸಿ ಹಿಡಿದು ಬಂದರೆ, “ನಂಗೆ ಗೊತ್ತಾಗಲ್ಲಮ್ಮ ಇವೆಲ್ಲ, ಅಂಗಡಿಗೇ ಕೊಟ್ಬಿಡಿ” ಎಂದುಬಿಟ್ಟರು. ಆಕೆ ಮಿಕ್ಸಿಯನ್ನು ಎದೆಗವುಚಿಕೊಂಡು, ಏನೋ ಕೇಳಬಾರದ್ದನ್ನು ಕೇಳಿದವಳಂತೆ ಹೊರಟುಹೋದಳು. ಇಡೀ ಕಾರ್ಖಾನೆಯ ಮೋಟಾರುಗಳನ್ನು ನೋಡಿಕೊಂಡಿದ್ದ ಕೈ, ತನ್ನ ಮನೆಯ ಸ್ವಿಚ್ಚಿನ ಮುಂದೆ ಅಪ್ಪಣೆಗಾಗಿ ಕಾಯುತ್ತಿತ್ತು. ನಾನು ಆಡಿದ ಒಂದೇ ವಾಕ್ಯದಿಂದ. ಅದೂ ವ್ಯಾಕರಣಶುದ್ಧವಾದ ವಾಕ್ಯ.

ಆ ವಾರದ ಕೊನೆಗೆ ಕಂಪ್ಯೂಟರ್ ರಿಪೇರಿಯ ಇಮ್ತಿಯಾಜ್ ಮನೆಗೆ ಬಂದರು. ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡೇ ಮಾತಾಡುವ ಮನುಷ್ಯ. ಪೆಟ್ಟಿಗೆಯ ಬದಿಯ ತಗಡನ್ನು ತೆಗೆದು ಟಾರ್ಚ್ ಬಿಟ್ಟು, “ಯಾ ಅಲ್ಲಾ” ಎಂದರು. ಲೋಹದ ಹಾಳೆಗಳು ಕಾಣುತ್ತಲೇ ಇರಲಿಲ್ಲ. ದಪ್ಪನೆಯ ಧೂಳಿನ ಕಂಬಳಿ.

ನಾನು, “ನಮ್ಮ ತಂದೆಯವರು ವಿಭೂತಿ, ಕುಂಕುಮ ಹಚ್ಚುತ್ತಿದ್ದರು, ಅದೇ ಒಳಗೆ ಹೋಗಿರಬೇಕು” ಎಂದು ವಿವರಿಸಿದೆ.

ಇಮ್ತಿಯಾಜ್ ಸ್ಕ್ರೂಗಳನ್ನು ಅಂಗೈಗೆ ಉಗಿದು ಕೇಳಿದರು, “ಎಲ್ಲಿ ಹಚ್ತಿದ್ರು ಮೇಡಂ?”

“ಅಲ್ಲಿ, ಹಿಂದಿನ ಫ್ಯಾನಿಗೆ.”

“ಅದು ಹೊರಗೆ ಊದೋ ಫ್ಯಾನು. ಗಾಳಿ ಹೊರಗೆ ಹೋಗೋ ಕಡೆ ಹಚ್ಚಿದ್ದು ಒಳಗೆ ಹ್ಯಾಗೆ ಬರುತ್ತೆ? ಯಜಮಾನ್ರು ಸರಿಯಾಗೇ ಹಚ್ಚಿದಾರೆ.” ಆಮೇಲೆ ಆ ಕಂಬಳಿಯನ್ನು ಚಿಮಟಿಯಿಂದ ಎತ್ತಿ ಪತ್ರಿಕೆಯ ಮೇಲಿಟ್ಟು ಬಿಡಿಸಿದರು. “ನೋಡಿ ಇಲ್ಲಿ. ಬಿಳಿ. ಇದು ಗುಲಾಬಿ. ಇದು ನೀಲಿ. ನೀಲಿ ವಿಭೂತಿ ಎಲ್ಲಾದ್ರೂ ಉಂಟಾ ಮೇಡಂ?”

ಉತ್ತರ ಹೇಳಬೇಕಾದ ನಾನು ಗೋಡೆಯ ಕಡೆ ನೋಡಿದೆ. ಕರಿಹಲಗೆಯ ಮೇಲೆ ಹಿಂದಿನ ಪಾಠದ ನಕ್ಷೆ ಹಾಗೇ ಇತ್ತು. ರಾಜ್ಯಗಳ ಗಡಿ ಗುಲಾಬಿ, ನದಿಗಳೆಲ್ಲ ನೀಲಿ. ಇಷ್ಟು ವರ್ಷ ನಾನು ಬರೆದು ಒರೆಸಿದ ಸೀಮೆಸುಣ್ಣವನ್ನೆಲ್ಲ ಆ ಪೆಟ್ಟಿಗೆ ಒಂದು ಪುಡಿಯೂ ಬಿಡದಂತೆ ಉಸಿರಾಡಿಕೊಂಡಿತ್ತು. ಎಲ್ಲ ನದಿಗಳೂ ಅಲ್ಲಿಗೇ ಹರಿದಿದ್ದವು.

“ಹಲಗೆ ಆ ಕಡೆ ಗೋಡೆಗೆ ಹಾಕ್ಕೊಳ್ಳಿ. ಎರಡು ತಿಂಗಳಿಗೊಂದ್ಸಲ ಬ್ರಷ್ ಹೊಡೀರಿ, ಸಣ್ಣ ಬ್ಲೋಯರ್ ಇದ್ರೆ ಊದಿ. ಇಷ್ಟಕ್ಕೆಲ್ಲ ನನ್ನ ಕರೀಬೇಡಿ” ಎಂದು ಹೇಳಿ ಇಮ್ತಿಯಾಜ್ ಹೊರಟರು.

ಅಡುಗೆಮನೆಯಲ್ಲಿ ಅಮ್ಮನಿಗೆ ಹೇಳಿದೆ. ಅವಳು ಹುರುಳಿಕಾಯಿ ಮುರಿಯುವುದನ್ನು ನಿಲ್ಲಿಸಲೇ ಇಲ್ಲ.

“ಅವ್ರು ಹೊಗೆ ಹಿಡ್ದು ನೋಡಿನೇ ಹಚ್ಚೋದು. ಗಾಳಿ ಎಲ್ಲಿ ಒಳಗೆ ಹೋಗುತ್ತೆ, ಎಲ್ಲಿ ಹೊರಗೆ ಬರುತ್ತೆ ಅಂತ. ನಿಂಗೆ ಗೊತ್ತಿರ್ಲಿಲ್ವಾ?”

“ನೀನು ಅವತ್ತೇ ಯಾಕೆ ಹೇಳಲಿಲ್ಲ?”

“ನೀನು ಕೇಳೋ ಹಾಗಿದ್ಯಾ ಅವತ್ತು? ದಯವಿಟ್ಟು ಅಂತಿದ್ದೆ.”

ಕ್ಷಮೆ ಕೇಳುವುದು ನಮ್ಮ ಮನೆಯಲ್ಲಿ ರೂಢಿಯಿಲ್ಲ. ಜಗಳವಾದರೆ ಸ್ವಲ್ಪ ಹೊತ್ತಿಗೆ ಒಬ್ಬರು ಇನ್ನೊಬ್ಬರ ಮುಂದೆ ಕಾಫಿ ಲೋಟ ಕುಕ್ಕುತ್ತಾರೆ, ಅಲ್ಲಿಗೆ ಮುಗಿಯಿತು. ಆದರೆ ಇದು ಕಾಫಿಯಲ್ಲಿ ತೊಳೆದುಹೋಗುವ ತಪ್ಪಲ್ಲ ಎನ್ನಿಸಿ, ನಾನು ಓದಿದವಳು ಮಾಡುವ ಕೆಲಸ ಮಾಡಿದೆ. ಒಂದು ಹಾಳೆಯ ಮೇಲೆ ವಾಕ್ಯಗಳನ್ನು ಬರೆದು, ತಿದ್ದಿ, ಬಾಯಿಪಾಠ ಮಾಡಿಕೊಂಡು, ಊಟವಾದ ಮೇಲೆ ಅಪ್ಪನ ಮುಂದೆ ನಿಂತೆ.

“ಅಪ್ಪ, ಅಂದು ನಾನು ಆಡಿದ ಮಾತು ಅನುಚಿತವಾದದ್ದು. ತಪ್ಪು ಸಂಪೂರ್ಣವಾಗಿ ನನ್ನದೇ.”

“ಏನೇ ಅದು, ಭಾಷಣನಾ?” ಎಂದಳು ಅಮ್ಮ.

ಅಪ್ಪ ಗಾಬರಿಯಾದರು. ಬೀಳ್ಕೊಡುಗೆ ಸಮಾರಂಭದಲ್ಲಿ ಹಾರ ಹಾಕಿಸಿಕೊಂಡವರ ಹಾಗೆ ಎದ್ದು ನಿಂತು, “ಇರ್ಲಿ ಬಿಡು ಮಗಾ, ಇರ್ಲಿ ಬಿಡು” ಎಂದರು. ನನಗೆ ಎದೆ ಹಗುರವಾಯಿತು. ಆಮೇಲೆ ಅವರು ಗೋಡೆಯ ಹತ್ತಿರ ಹೋಗಿ, ಸ್ವಿಚ್ಚಿನ ಮೇಲೆ ಬೆರಳಿಟ್ಟು, ತಿರುಗಿ ಕೇಳಿದರು, “ಲೈಟ್ ಆರಿಸ್ಲಾ?”

ಹೀಗೆ ಎರಡು ತಿಂಗಳು ಹೋದವು. ಅಪ್ಪ ನನ್ನನ್ನು ಬೈಯಲಿಲ್ಲ. ಮೊದಲಾದರೆ ಚಪ್ಪಲಿ ಅಡ್ಡಾದಿಡ್ಡಿ ಬಿಟ್ಟದ್ದಕ್ಕೆ, ಊಟಕ್ಕೆ ತಡಮಾಡಿದ್ದಕ್ಕೆ, ಬಸ್ಸಿನಲ್ಲಿ ಛತ್ರಿ ಮರೆತದ್ದಕ್ಕೆ ದಿನಕ್ಕೆರಡು ಬಾರಿಯಾದರೂ ಬೈಯುತ್ತಿದ್ದರು. ಈಗ ಛತ್ರಿ ಮರೆತು ಬಂದರೂ, “ಪರವಾಗಿಲ್ಲ” ಎನ್ನುತ್ತಿದ್ದರು. ನನ್ನ ಜೀವನದಲ್ಲಿ ನನಗೆ ಅಷ್ಟು ಗೌರವ ಸಿಕ್ಕಿದ ಕಾಲ ಮತ್ತೊಂದಿಲ್ಲ. ಅದರಷ್ಟು ಹಿಂಸೆಯ ಕಾಲವೂ ಇಲ್ಲ.

ಇಮ್ತಿಯಾಜ್ ಹೇಳಿದ್ದ ಗಡುವು ಬಂತು. ಗಾಂಧಿಬಜಾರಿಗೆ ಹೋಗಿ ಈ ಬ್ರಷ್ಷನ್ನೂ ಕೈಯಲ್ಲಿ ಹಿಡಿಯುವ ಸಣ್ಣ ಬ್ಲೋಯರನ್ನೂ ತಂದೆ. ಭಾನುವಾರ ಬೆಳಿಗ್ಗೆ ನಡುಮನೆಯಲ್ಲಿ ಪತ್ರಿಕೆ ಹಾಸಿ, ಕಂಪ್ಯೂಟರಿನ ವೈರುಗಳನ್ನೆಲ್ಲ ಕಳಚಿ, ಪೆಟ್ಟಿಗೆಯನ್ನು ಮಲಗಿಸಿ, ತಗಡು ತೆಗೆದೆ. ಅಪ್ಪ ಬಾಗಿಲ ಬಳಿ ಕುರ್ಚಿಯಲ್ಲಿ ಪತ್ರಿಕೆ ಓದುತ್ತಿದ್ದರು. ಓದುತ್ತಿದ್ದರು ಎನ್ನುವುದಕ್ಕಿಂತ ಹಿಡಿದಿದ್ದರು, ಬಹಳ ಹೊತ್ತಿನಿಂದ ಪುಟ ಮಗುಚಿರಲಿಲ್ಲ. ನಾನು ಬ್ರಷ್ ಆಡಿಸಿದೆ. ಪತ್ರಿಕೆ ಎರಡಂಗುಲ ಕೆಳಗಿಳಿಯಿತು. ಮೂಲೆಗೆ ಬ್ರಷ್ ಎಟುಕದೆ ಒದ್ದಾಡಿದೆ. 

ಪತ್ರಿಕೆಯ ಹಿಂದೆ ಒಂದು ಕೆಮ್ಮು.

ಮುಂದೆ ನಡೆದದ್ದನ್ನು ನಾನು ಉಪಾಯವಾಗಿ ಮಾಡಿದೆನೆಂದು ಹೇಳಿಕೊಂಡರೆ ಈ ಬರಹದಲ್ಲಿ ನಾನು ಜಾಣೆಯಾಗಿ ಕಾಣುತ್ತಿದ್ದೆ. ಹಾಗೇನೂ ಇಲ್ಲ, ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಬ್ಲೋಯರನ್ನು ನೇರವಾಗಿ ಫ್ಯಾನಿಗೆ ಹಿಡಿದು ಗುಂಡಿ ಒತ್ತಿದೆ. ಆ ಪುಟ್ಟ ಫ್ಯಾನ್ ಒಮ್ಮೆಗೇ ಹುಚ್ಚು ಹಿಡಿದಂತೆ ಸುತ್ತಿ, ಕಿರ್ರೆಂದು ಕೂಗತೊಡಗಿತು.

“ಏಯ್! ನಿಲ್ಸು! ನಿಲ್ಸೇ ಅದನ್ನ!”

ಪತ್ರಿಕೆ ನೆಲಕ್ಕೆ ಬಿದ್ದಿತ್ತು. ಅಪ್ಪ ಯಾವಾಗ ಎದ್ದರು, ಯಾವಾಗ ಬಂದು ಕೂತರು, ನೋಡಲೇ ಇಲ್ಲ. ಅವರ ತೋರುಬೆರಳು ಫ್ಯಾನಿನ ರೆಕ್ಕೆಗಳ ನಡುವೆ ಇಳಿದಿತ್ತು.

“ಫ್ಯಾನ್ ಹಿಡ್ಕೊಳ್ದೆ ಗಾಳಿ ಬಿಡ್ತಾರೇನೇ ಯಾರಾದ್ರೂ? ಅದು ತಿರುಗೋ ಅಷ್ಟು ಮಾತ್ರ ತಿರುಗ್ಬೇಕು. ಹಿಂಗೆ ಸುತ್ತಿಸಿದ್ರೆ ಬೇರಿಂಗ್ ಹೋಗುತ್ತೆ, ಆಮೇಲೆ ಜನ್ಮದಲ್ಲಿ ಸರಿಯಾಗಲ್ಲ!”

“ನನಗೆ ಗೊತ್ತಿರಲಿಲ್ಲ ಅಪ್ಪ.”

“ಗೊತ್ತಿಲ್ದಿದ್ರೆ ಕೇಳ್ಬೇಕು! ಮನೇಲಿ ಇಲ್ವಾ ನಾನು?”

ಕೂಗಿದ ಮೇಲೆ ಆ ಮಾತು ಅವರಿಗೂ ಕೇಳಿಸಿತೆಂದು ಕಾಣುತ್ತದೆ. ಒಂದು ಕ್ಷಣ ಇಬ್ಬರೂ ಫ್ಯಾನಿನ ಕಡೆಯೇ ನೋಡಿದೆವು. ನಾನು ಬಾಯಿಪಾಠ ಮಾಡಿದ್ದ ಯಾವ ವಾಕ್ಯವೂ ನೆನಪಿಗೆ ಬರಲಿಲ್ಲ. “ಇದೀರಿ” ಎಂದೆ.

“ಮತ್ತೆ?” ಎಂದು ಅಪ್ಪ ನನ್ನ ಕೈಯಿಂದ ಬ್ಲೋಯರ್ ಕಿತ್ತುಕೊಂಡರು. ಅದನ್ನು ತಿರುಗಿಸಿ ನೋಡಿ, “ಆಟದ ಸಾಮಾನು” ಎಂದರು. ಬೆರಳಿನಿಂದ ಫ್ಯಾನ್ ಹಿಡಿದು, ಬ್ಲೋಯರನ್ನು ಓರೆಯಾಗಿ ಹಿಡಿದು, ಒಳಗಿನಿಂದ ಹೊರಗೆ, ಗಾಳಿ ಎತ್ತ ಹೋಗಬೇಕೋ ಅತ್ತಲೇ ಧೂಳನ್ನು ಅಟ್ಟತೊಡಗಿದರು. “ನೋಡ್ತಾ ಕೂತ್ರೆ ಆಯ್ತಾ? ಒಳಗೆ ಹೋಗಿ ಒಂದು ಹಳೇ ಬನೀನ್ ತಗೊಂಡ್ ಬಾ. ಹತ್ತೀದು ಆಗ್ಬೇಕು. ನೋಡಿ ತಗೊಂಡ್ ಬಾ, ನಾನು ಹಾಕ್ಕೊಳ್ಳೋದನ್ನ ತಂದ್ಬಿಟ್ಟೀಯ ಮತ್ತೆ!”

ಒಳಕೋಣೆಯ ಬಟ್ಟೆ ಪೆಟ್ಟಿಗೆಯಲ್ಲಿ ಹಳೆಯ ಬನಿಯನ್ ತಕ್ಷಣವೇ ಸಿಕ್ಕಿತು. ನಾನು ಬಾಗಿಲ ಹಿಂದೆಯೇ ನಿಂತೆ. ಹೊರಗೆ ಅಪ್ಪ ಅಮ್ಮನಿಗೆ ದೂರು ಹೇಳುತ್ತಿದ್ದರು.

“ಎಮ್ಮೆ ಓದಿದಾಳಂತೆ, ಎಮ್ಮೆ. ಒಂದು ಫ್ಯಾನ್ ಹಿಡ್ಕೊಳ್ಳೋಕೆ ಬರಲ್ಲ.”

“ಹೇಳ್ಕೊಡಿ ಮತ್ತೆ.”

“ಹೇಳ್ಕೊಡ್ತೀನಿ. ಇವಳಿಗೆ ಎಲ್ಲ ಮೊದ್ಲಿಂದ ಹೇಳ್ಕೊಡ್ಬೇಕು. ಸ್ಕ್ರೂ ನೋಡು ಹ್ಯಾಗೆ ಚೆಲ್ಲಿದಾಳೆ, ಒಂದು ಬಟ್ಟಲು ಕೊಡೇ ಇಲ್ಲಿ.” ಬಟ್ಟಲಿಗೆ ಸ್ಕ್ರೂಗಳು ಟಣಟಣ ಬೀಳುವ ಸದ್ದು. ಆಮೇಲೆ ಗಟ್ಟಿಯಾಗಿ, “ಎಲ್ಲಿ ಹೋದ್ಯೇ? ಒಂದು ಬನೀನ್ ತರೋಕೆ ಎಷ್ಟು ಹೊತ್ತೇ ನಿಂಗೆ?”

“ಬಂದೆ ಅಪ್ಪ” ಎಂದೆ. ಆದರೂ ತಡವಾಯಿತು, ಇನ್ನೊಂದು ಬನಿಯನ್ ಹುಡುಕಬೇಕಾಯಿತು. ಕೈಯಲ್ಲಿದ್ದದ್ದರಲ್ಲಿ ನಾನು ಆಗಲೇ ಮುಖ ಒರೆಸಿಕೊಂಡಾಗಿತ್ತು, ಮತ್ತು ಕಂಪ್ಯೂಟರನ್ನು ಒದ್ದೆ ಬಟ್ಟೆಯಲ್ಲಿ ಒರೆಸಬಾರದೆಂಬಷ್ಟು ನನಗೂ ಗೊತ್ತಿದೆ.